ಕಾವೇರಿ ಕಥೆಯನ್ನು ಒಳಗಿನ ಕಥೆ ಅಂತ ಓದಬಹುದಾ?

ಅಗಸ್ತ್ಯರು ಕಮಂಡಲದಲ್ಲಿ ಹಿಡಿದಿಟ್ಟಿದ್ದ ಕಾವೇರಿ ಹೊರಬಂದು ನದಿಯಾಗಿ ಹರಿದಳು ಅನ್ನುವ ಕಥೆಯಲ್ಲಿ, ಕಮಂಡಲ ಅಂದರೆ ನಮ್ಮ ದೇಹ, ಅದರೊಳಗಿನ ಕಾವೇರಿ ಅಂದರೆ ಪ್ರಜ್ಞೆ ಅಂತ ಓದಬಹುದಾ, ತಲಕಾವೇರಿಗೆ ಹೋಗುವ ಭಕ್ತರಿಗೆ ಇದರಿಂದ ಬೇಜಾರಾಗಲ್ವಾ ಅಂತ ಕೇಳಿದ್ದೀರಿ.

ಧಾರಾಳವಾಗಿ ಓದಬಹುದು. ಇದೇನು ಹೊಸದಲ್ಲ. ಗಾಂಧೀಜಿ ಕೂಡ ಕುರುಕ್ಷೇತ್ರವನ್ನು ಮನುಷ್ಯನ ಒಳಗೆ ನಡೆಯುವ ಯುದ್ಧ ಅಂತಲೇ ಓದಿದರು.

ಆದರೆ ಕಠೋಪನಿಷತ್ತಿನ ರಥದ ಮಾತು ನೋಡಿ. ದೇಹ ರಥ, ಬುದ್ಧಿ ಸಾರಥಿ, ಮನಸ್ಸು ಲಗಾಮು, ಇಂದ್ರಿಯಗಳು ಕುದುರೆ, ಆತ್ಮ ರಥದಲ್ಲಿ ಕೂತವನು. ಯಾವುದು ಏನು ಅಂತ ಗ್ರಂಥವೇ ಹೇಳಿಬಿಡುತ್ತದೆ. ಸಾರಥಿಗೆ ತಿಳಿವಳಿಕೆ ಇಲ್ಲದಿದ್ದರೆ ಕುದುರೆ ಮಾತು ಕೇಳಲ್ಲ. ಸಿಟ್ಟಲ್ಲಿ ಯಾರಿಗೋ ಮೆಸೇಜ್ ಟೈಪ್ ಮಾಡುವಾಗ ಲಗಾಮು ಯಾರ ಕೈಯಲ್ಲಿದೆ ಅಂತ ಒಮ್ಮೆ ನೋಡಿಕೊಳ್ಳಿ. ಓದಿದ್ದು ಅಲ್ಲಿ ಕೆಲಸಕ್ಕೆ ಬರುತ್ತದೆ.

ಕಾವೇರಿ ಕಥೆಯಲ್ಲಿ ಅಂಥ ಸುಳಿವು ಕೊಟ್ಟಿಲ್ಲ. ಕೊಡವ ಹೆಂಗಸರ ಸೀರೆ ನೆರಿಗೆ ಹಿಂದಕ್ಕೆ ಹೋಗಿದ್ದು ಬಲಮುರಿಯಲ್ಲಿ ನದಿ ಹರಿದ ರಭಸಕ್ಕೆ ಅನ್ನುತ್ತಾರಲ್ಲ, ಅದಕ್ಕೂ ಯೋಗದವರು ದೇಹದೊಳಗೆ ಇವೆ ಅನ್ನುವ ನಾಡಿ, ಚಕ್ರ ಅಂತ ಅರ್ಥ ಹಚ್ಚಿದರೆ ಜಾಸ್ತಿಯಾಯಿತು. (ಹಚ್ಚುವವರೂ ಇದ್ದಾರೆ ಬಿಡಿ!) ಕೂಡಿಟ್ಟ ನೀರು ಹರಿದು ಊರಿಗೆಲ್ಲ ಆಯಿತು ಅನ್ನುವಷ್ಟು ಮಾತ್ರ ನನ್ನನ್ನು ತಟ್ಟುತ್ತದೆ.

ಬೇಜಾರಿನ ವಿಷಯಕ್ಕೆ ಬಂದರೆ, ತುಲಾ ಸಂಕ್ರಮಣಕ್ಕೆ ತಲಕಾವೇರಿಯ ಕುಂಡಿಕೆ (ನದಿ ಹುಟ್ಟುವ ಪುಟ್ಟ ಕೊಳ) ಮುಂದೆ ತೀರ್ಥಕ್ಕೆ ಕಾಯುವವರಿಗೆ ಕಾವೇರಿ ತಾಯಿ. ಅಲ್ಲಿ ಹೋಗಿ ಇದೆಲ್ಲ ಬರೀ ಸಂಕೇತ ಅಂದರೆ ಬೈಸಿಕೊಳ್ಳುತ್ತೀರಿ. ಬೈದರೆ ತಪ್ಪೂ ಇಲ್ಲ.

ಶುರು ಮಾಡೋದಾದರೆ ಕಠೋಪನಿಷತ್ತಿನ ಮೊದಲ ಅಧ್ಯಾಯದ ಮೂರನೇ ವಲ್ಲಿ (ಅಂದರೆ ಭಾಗ) ಓದಿ, ರಥದ ಮಾತು ಇರುವುದು ಅಲ್ಲೇ. ಚಿಕ್ಕದು, ಒಮ್ಮೆ ಕೂತರೆ ಮುಗಿಯುತ್ತದೆ.