ಓದುಗರ ಪ್ರಶ್ನೆಗಳು: ತೋಟದ ರೈಲುಹಳಿಯ ಮೇಲೆ ಹಿಮ ಬಿದ್ದಾಗ

ಪ್ರಶ್ನೆ: ನಮ್ಮ ತೋಟದಲ್ಲಿ 45 ಮಿಲಿಮೀಟರ್ ಗೇಜಿನ ಹಿತ್ತಾಳೆ ಹಳಿ ಹಾಕಿ ಮಾದರಿ ರೈಲು ಓಡಿಸುತ್ತಿದ್ದೇವೆ. ಎಂಜಿನ್ನಿಗೆ ವಿದ್ಯುತ್ತು ಹಳಿಯಿಂದಲೇ ಬರುತ್ತದೆ. ಒಂದು ರಾತ್ರಿ ಸುಮಾರು 20 ಸೆಂಟಿಮೀಟರ್ ಹಿಮ ಬಿತ್ತು. ಬೆಳಿಗ್ಗೆ ಮುಂದೆ ಹಿಮವನ್ನು ಬದಿಗೆ ಸರಿಸುವ ಪ್ಲೋ ಕಟ್ಟಿ ಓಡಿಸಿದರೆ ಎಂಜಿನ್ ಕೆಲವೇ ಅಡಿ ಹೋಗಿ ಹಳಿ ತಪ್ಪಿತು. ಹೆಚ್ಚು ಬಲದ ಎಂಜಿನ್ ಕೊಳ್ಳಬೇಕೇ, ಇಲ್ಲವೇ ಹಿಮವನ್ನು ಕೊರೆದು ಎಸೆಯುವ ರೋಟರಿ ಪ್ಲೋ ಕೊಳ್ಳಬೇಕೇ?

ಉತ್ತರ: ಸದ್ಯಕ್ಕೆ ಎರಡನ್ನೂ ಕೊಳ್ಳಬೇಡಿ. ನಿಮ್ಮ ಎಂಜಿನ್ನಿನಲ್ಲಿ ದೋಷವೇನೂ ಇಲ್ಲ. ಅದಕ್ಕೆ ಒಪ್ಪಿಸಿದ ಕೆಲಸ ಅದರ ಶಕ್ತಿಗೆ ಮೀರಿದ್ದು. ನಾವು ರೈಲನ್ನು 22.5ರಲ್ಲಿ ಒಂದು ಪಾಲಿಗೆ ಕುಗ್ಗಿಸಿಕೊಳ್ಳುತ್ತೇವೆ, ಆದರೆ ಬೀಳುವ ಹಿಮ ಕುಗ್ಗುವುದಿಲ್ಲ. ನಿಮ್ಮ ತೋಟದ 20 ಸೆಂಟಿಮೀಟರ್ ಹಿಮ ಆ ಪುಟ್ಟ ರೈಲಿನ ಪಾಲಿಗೆ ನಾಲ್ಕೂವರೆ ಮೀಟರ್ ಎತ್ತರದ ಗೋಡೆ. ಅಂಥ ಗೋಡೆಯ ಎದುರು ನಿಜವಾದ ರೈಲ್ವೆಯವರೂ ಬೆಣೆಯಾಕಾರದ ಪ್ಲೋ ಹಿಡಿದು ನುಗ್ಗುವುದಿಲ್ಲ. ಸ್ವಿಟ್ಜರ್‌ಲೆಂಡಿನಲ್ಲಿ 2,253 ಮೀಟರ್ ಎತ್ತರಕ್ಕೆ ಏರುವ ಬೆರ್ನಿನಾ ಮಾರ್ಗಕ್ಕೆ 1910ರಷ್ಟು ಹಿಂದೆಯೇ ಹಬೆಯಿಂದ ನಡೆಯುವ ರೋಟರಿ ಪ್ಲೋ ಬೇಕಾಗಿದ್ದು ಇದೇ ಕಾರಣಕ್ಕೆ.

ತೂಕದ ಲೆಕ್ಕ ಇನ್ನೂ ಕಠಿಣವಾದದ್ದು. ಉದ್ದ, ಅಗಲ, ಎತ್ತರ ಮೂರೂ ಕುಗ್ಗುವುದರಿಂದ 60 ಟನ್ ತೂಗುವ ಎಂಜಿನ್ ಈ ಅಳತೆಯಲ್ಲಿ ಸುಮಾರು 5 ಕಿಲೊಗ್ರಾಮಿಗೆ ಇಳಿಯುತ್ತದೆ. ಹಿಮದ ಹರಳು, ಅದರ ಸಾಂದ್ರತೆ, ಒಂದಕ್ಕೊಂದು ಅಂಟಿಕೊಳ್ಳುವ ಗುಣ ಮಾತ್ರ ಇದ್ದ ಹಾಗೆಯೇ ಇರುತ್ತವೆ. ಆಗತಾನೇ ಬಿದ್ದ ಒಣ ಹಿಮ ಒಂದು ಘನ ಮೀಟರಿಗೆ 50ರಿಂದ 100 ಕಿಲೊಗ್ರಾಂ ತೂಗಿದರೆ, ನೀರು ಕುಡಿದು ಕುಸಿದ ಹಿಮ ಅದರ ಹಲವು ಪಟ್ಟು ತೂಗುತ್ತದೆ. ಮಾದರಿ ರೋಟರಿ ಪ್ಲೋ ಪುಡಿಹಿಮವನ್ನು ಚಿಮ್ಮಿಸುವುದನ್ನು ನೋಡುವುದೇ ಒಂದು ಸಂತೋಷ, ಅದಕ್ಕಾಗಿ ಕೊಂಡರೆ ತಪ್ಪೇನಿಲ್ಲ. ಒದ್ದೆ ಹಿಮದಲ್ಲಿ ದಾರಿ ಮಾಡಿಕೊಡುತ್ತದೆಂದು ನಂಬಿ ಕೊಂಡರೆ ನಿರಾಶೆಯಾಗುತ್ತದೆ.

ಹಳಿ ತಪ್ಪಿದ್ದೇಕೆ ಎಂದು ತಿಳಿಯಬೇಕಾದರೆ ಮುಂದಿನ ಸಲ ಎಂಜಿನ್ನನ್ನು ಮೆಲ್ಲಗೆ ಎತ್ತಿ ಅದರ ಕೆಳಗೆ ನೋಡಿ. ಎರಡು ಹಳಿಗಳ ನಡುವೆ ಹಿಮ ಒತ್ತಿಕೊಂಡು ಬಿಲ್ಲೆಯಂತೆ ಗಟ್ಟಿಯಾಗಿರುತ್ತದೆ, ಅದರ ಅಂಚಿನಲ್ಲಿ ಗಾಲಿಗಳು ಹತ್ತಿ ಹೋದ ಗೆರೆ ಕಾಣುತ್ತದೆ. ಹಗುರವಾದ ಪ್ಲೋ ಹಿಮವನ್ನು ಬದಿಗೆ ಸರಿಸುವ ಬದಲು ತಾನೇ ಅದರ ಮೇಲೆ ಏರುತ್ತದೆ. ಮೂತಿ ಎದ್ದ ಕೂಡಲೇ ಮುಂದಿನ ಗಾಲಿಗಳು ಹಳಿ ಬಿಡುತ್ತವೆ. ಆದ್ದರಿಂದ ಪ್ಲೋವನ್ನು ಎಂಜಿನ್ನಿಗೆ ಕಟ್ಟುವುದಕ್ಕಿಂತ ಪ್ರತ್ಯೇಕವಾದ ಒಂದು ಗಟ್ಟಿ ವ್ಯಾಗನ್ನಿಗೆ ಜೋಡಿಸಿ, ಸೀಸದ ಅಥವಾ ಉಕ್ಕಿನ ತುಂಡುಗಳನ್ನು ಅದರೊಳಗೆ ಆದಷ್ಟು ತಳದಲ್ಲಿ ಕೂರಿಸಿ, ಹಿಂದಿನಿಂದ ಎಂಜಿನ್ ತಳ್ಳುವಂತೆ ಮಾಡಿ. ಪ್ಲೋದ ಕೆಳ ಅಂಚು ಹಳಿಯ ತಲೆಯಿಂದ 2–3 ಮಿಲಿಮೀಟರ್ ಮೇಲಿರಲಿ. ಅದಕ್ಕಿಂತ ತಗ್ಗಿದರೆ ರೈಲನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ ಪಾಯಿಂಟ್ಸ್‌ಗೆ ತಗಲುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು ಸಮಯ. ಹಿಮ ಬೀಳುತ್ತಿರುವಾಗಲೇ, 3–4 ಸೆಂಟಿಮೀಟರ್ ಕೂಡಿದೊಡನೆ ಒಂದು ಸುತ್ತು, ಮತ್ತಷ್ಟು ಕೂಡಿದೊಡನೆ ಇನ್ನೊಂದು ಸುತ್ತು ಓಡಿಸಿದರೆ ಸಾಧಾರಣ ಎಂಜಿನ್ನೂ ದಾರಿಯನ್ನು ತೆರೆದಿಟ್ಟುಕೊಳ್ಳಬಲ್ಲದು. ರಾತ್ರಿಯಿಡೀ ಬಿದ್ದು ಆಳವಾದ ಮೇಲೆ ಕೈಯಿಂದಲೇ ತೆಗೆಯಬೇಕು. ಲೋಹದ ಸಲಿಕೆ ಖಂಡಿತ ಬೇಡ, ಏಕೆಂದರೆ ಚಳಿಯಲ್ಲಿ ಹಳಿಯಡಿಯ ಅಡ್ಡಪಟ್ಟಿಗಳಾದ ಪ್ಲಾಸ್ಟಿಕ್ ಸ್ಲೀಪರುಗಳು ಪೆಡಸಾಗಿ ಸಣ್ಣ ಪೆಟ್ಟಿಗೂ ಮುರಿಯುತ್ತವೆ. ಹಿಮದಡಿ ಅಡಗಿದ ಹಳಿಯ ಮೇಲೆ ಕಾಲಿಟ್ಟರೂ ಇದೇ ಗತಿ. ಮೇಲಿನ ಪದರವನ್ನು ಪ್ಲಾಸ್ಟಿಕ್ ಮೊರದಿಂದ ತೆಗೆದು, ಕೊನೆಯ ಎರಡು ಬೆರಳಿನಷ್ಟನ್ನು ಮೃದುವಾದ ಪೊರಕೆಗೆ ಬಿಡಿ. ಪುಡಿಹಿಮವಾದರೆ ಎಲೆ ಊದುವ ಬ್ಲೋವರ್ ಚೆನ್ನಾಗಿ ಕೆಲಸ ಮಾಡುತ್ತದೆ, ಗಾಳಿಯನ್ನು ಹಳಿಯ ಉದ್ದಕ್ಕೆ ಹಿಡಿದರೆ ಜಲ್ಲಿ ಹಾರುವುದೂ ಕಡಿಮೆ. ಸ್ಲೀಪರಿನ ಎರಡೂ ಕಡೆ ಒಂದೊಂದು ಗೇಣು ಜಾಗ ತೆರವು ಮಾಡಲು ಮರೆಯಬೇಡಿ: ಪ್ಲೋ ಸರಿಸಿದ ಹಿಮಕ್ಕೆ ಬೀಳಲು ಜಾಗವಿಲ್ಲದಿದ್ದರೆ ಅದು ಮತ್ತೆ ಹಳಿಗೇ ಜಾರುತ್ತದೆ, ಎರಡನೇ ಸುತ್ತಿನಲ್ಲಿ ರೈಲು ತಾನೇ ತೋಡಿದ ಕಾಲುವೆಯಲ್ಲಿ ಸಿಕ್ಕಿಬೀಳುತ್ತದೆ.

ಹಳಿಯಿಂದ ವಿದ್ಯುತ್ತು ಪಡೆಯುವವರಿಗೆ ಇನ್ನೊಂದು ತೊಡಕಿದೆ. ಹಿಮ ತೆಗೆದ ಮೇಲೆ ಹಳಿಯ ತಲೆಯ ಮೇಲೆ ಉಳಿಯುವ ತೆಳುವಾದ ಮಂಜುಗಡ್ಡೆಯ ಪೊರೆ ಕಣ್ಣಿಗೆ ಕಾಣದಿದ್ದರೂ ವಿದ್ಯುತ್ತನ್ನು ತಡೆಯುತ್ತದೆ. ಅದನ್ನು ಪ್ಲಾಸ್ಟಿಕ್ ಪಟ್ಟಿಯಿಂದ ಹೆರೆದು, ಒಣ ಬಟ್ಟೆ ಸುತ್ತಿದ ಮರದ ತುಂಡಿನಿಂದ ಒರೆಸಿ. ಎರಡು ಎಂಜಿನ್ ಜೋಡಿಸಿದರೆ ವಿದ್ಯುತ್ತು ಹಿಡಿಯುವ ಗಾಲಿಗಳೂ ಇಮ್ಮಡಿಯಾಗುತ್ತವೆ. ರೈಲು ನಿಂತಾಗ ಗಾಲಿಗಳನ್ನು ಜಾಗದಲ್ಲೇ ತಿರುಗಲು ಬಿಡದೆ ಹಿಂದಕ್ಕೆ ಕರೆದುಕೊಳ್ಳಿ; ದೂರದಿಂದ ವೇಗವಾಗಿ ಬಂದು ಗುದ್ದಿಸಿದರೆ ಮೊದಲು ಹೋಗುವುದು ಪ್ಲಾಸ್ಟಿಕ್ ಹಲ್ಲುಗಾಲಿಗಳು.

ಪ್ರಶ್ನೆ: ಪಾಯಿಂಟ್ಸ್ ಹಿಮದಲ್ಲಿ ಹೂತು ಅಲುಗುವುದೇ ಇಲ್ಲ. ಉಪ್ಪು ಎರಚಬಹುದೇ, ಅಥವಾ ಬಿಸಿನೀರು ಸುರಿಯಬಹುದೇ?

ಉತ್ತರ: ಉಪ್ಪು ಬೇಡವೇ ಬೇಡ. ಅದು ಹಿಮ ಕರಗಿಸುವುದು ನಿಜ, ಆದರೆ ಹಿತ್ತಾಳೆಯನ್ನೂ ತಿರುಪುಗಳನ್ನೂ ತಿನ್ನುತ್ತದೆ, ಎರಡು ಹಳಿಗಳ ನಡುವೆ ವಿದ್ಯುತ್ತು ಸೋರಲು ದಾರಿ ಮಾಡುತ್ತದೆ, ಪಕ್ಕದ ಗಿಡಗಳ ಬೇರಿಗೂ ಇಳಿಯುತ್ತದೆ. ಬಿಸಿನೀರು ಕ್ಷಣಕಾಲ ನೆರವಾಗಿ ಆಮೇಲೆ ಪಾಯಿಂಟ್ಸಿನ ಸಂದಿನಲ್ಲೇ ಮಂಜುಗಡ್ಡೆಯಾಗಿ ಕೂರುತ್ತದೆ. ಸರಿಯುವ ನಾಲಿಗೆಗೂ ಅದು ಒರಗುವ ಹಳಿಗೂ ನಡುವಿನ ಜಾಗವನ್ನು ಹಳೆಯ ಪೇಂಟ್ ಬ್ರಷ್ಷಿನಿಂದ ಬಿಡಿಸಿ, ಗಾಲಿಯ ಅಂಚು ಓಡುವ ಸಂದುಗಳನ್ನು ಮರದ ಕಡ್ಡಿಯಿಂದ ಕೆರೆಯಿರಿ. ಹಿಮದ ಮುನ್ಸೂಚನೆ ಇದ್ದ ದಿನ ಹೆಚ್ಚು ಬಳಸುವ ಮಾರ್ಗಕ್ಕೆ ಪಾಯಿಂಟ್ಸ್ ಹೊಂದಿಸಿಟ್ಟು, ಪ್ರತಿಯೊಂದರ ಮೇಲೆ ಒಂದು ಹಲಗೆ ಮುಚ್ಚಿಟ್ಟರೆ ಈ ಶ್ರಮದ ಬಹುಪಾಲು ಉಳಿಯುತ್ತದೆ. ಸುರಂಗದ ಬಾಯಿಗಳಿಗೂ ಇದೇ ಉಪಾಯ ಸಾಕು.

ಪ್ರಶ್ನೆ: ನನ್ನ ಬಳಿ ಬ್ಯಾಟರಿಯ ಎಂಜಿನ್ ಒಂದಿದೆ, ಗ್ಯಾಸಿನಿಂದ ನೀರು ಕಾಯಿಸುವ ಹಬೆ ಎಂಜಿನ್ ಒಂದಿದೆ. ಹಿಮದಲ್ಲಿ ಇವನ್ನು ಓಡಿಸಬಹುದೇ?

ಉತ್ತರ: ಧಾರಾಳವಾಗಿ ಓಡಿಸಬಹುದು. ತಣ್ಣನೆಯ ಗಾಳಿಯಲ್ಲಿ ಹಬೆ ದಟ್ಟವಾಗಿ ಕಾಣುವುದರಿಂದ ಹಬೆ ಎಂಜಿನ್ನಿಗೆ ಚಳಿಗಾಲದಷ್ಟು ಚೆಂದದ ಕಾಲ ಬೇರೆ ಇಲ್ಲ ಎಂಬುದು ನನ್ನ ಅಭಿಪ್ರಾಯ. ಆದರೆ ಬ್ಯೂಟೇನ್ ಗ್ಯಾಸು ಸುಮಾರು ಸೊನ್ನೆ ಡಿಗ್ರಿಯಲ್ಲೇ ಆವಿಯಾಗುವುದನ್ನು ನಿಲ್ಲಿಸುತ್ತದೆ, ಆದ್ದರಿಂದ ಬೆಂಕಿ ಸಣ್ಣಗಾಗಿ ಆರುತ್ತದೆ. ಗ್ಯಾಸಿನ ತೊಟ್ಟಿಯ ಸುತ್ತ ಉಗುರುಬೆಚ್ಚಗಿನ ನೀರು ಇರುವ ವ್ಯವಸ್ಥೆ ಇದ್ದರೆ ಬಳಸಿ. ಪ್ರೊಪೇನ್ ಬೆರೆತ ಗ್ಯಾಸನ್ನು ತಯಾರಕರು ಒಪ್ಪಿದ ಪ್ರಮಾಣದಲ್ಲಿ ಮಾತ್ರ ತುಂಬಿ, ಏಕೆಂದರೆ ಅದರ ಒತ್ತಡ ಬಹಳ ಹೆಚ್ಚು. ಓಡಿಸಿ ಮುಗಿದ ಮೇಲೆ ಎಂಜಿನ್ ಪೂರ್ತಿ ತಣಿಯುವ ಮೊದಲೇ ಮನೆಯೊಳಗೆ ತಂದು, ಒತ್ತಡ ಇಳಿದ ನಂತರ ಬಾಯ್ಲರಿನ ನೀರನ್ನೂ ಎಣ್ಣೆಪಾತ್ರೆಯಲ್ಲಿ ಕೂಡಿದ ನೀರನ್ನೂ ಬಸಿಯಿರಿ. ನೀರು ಹೆಪ್ಪುಗಟ್ಟಿದಾಗ ಸುಮಾರು ಶೇ 9ರಷ್ಟು ಹಿಗ್ಗುತ್ತದೆ, ತಾಮ್ರದ ಕೊಳವೆಯನ್ನು ಸೀಳಲು ಅಷ್ಟು ಸಾಕು.

ಲಿಥಿಯಂ ಬ್ಯಾಟರಿ ಚಳಿಯಲ್ಲಿ ಬೇಗ ಬಸವಳಿಯುತ್ತದೆ, ಅದರಿಂದ ಹಾನಿಯಿಲ್ಲ. ಸೊನ್ನೆ ಡಿಗ್ರಿಗಿಂತ ಕೆಳಗೆ ಅದನ್ನು ಚಾರ್ಜ್ ಮಾಡುವುದು ಮಾತ್ರ ಅಪಾಯ. ಒಳಗೆ ಲೋಹದ ಲೇಪ ಕೂಡಿ ಬ್ಯಾಟರಿ ಶಾಶ್ವತವಾಗಿ ಕೆಡುತ್ತದೆ. ಬೆಚ್ಚಗಿನ ಕೋಣೆಗೆ ತಂದ ಎಂಜಿನ್ನನ್ನು ಮುಚ್ಚಿದ ಪೆಟ್ಟಿಗೆಯಲ್ಲಿಟ್ಟು ನಿಧಾನವಾಗಿ ಬೆಚ್ಚಗಾಗಲು ಬಿಡಿ, ಆಗ ಒಳಗಿನ ವಿದ್ಯುತ್ ಭಾಗಗಳ ಮೇಲೆ ಹನಿ ಕಟ್ಟುವುದಿಲ್ಲ. ಚಾರ್ಜಿಗೆ ಹಾಕುವುದು ಆಮೇಲೆ.

ಪ್ರಶ್ನೆ: ಹಿಮ ಕರಗಿದ ಮೇಲೆ ಪ್ರತಿ ವರ್ಷವೂ ಹಳಿ ಅಲ್ಲಲ್ಲಿ ಉಬ್ಬಿ, ಜೋಡಣೆಗಳು ಬಿಟ್ಟುಕೊಂಡಿರುತ್ತವೆ. ಏಕೆ?

ಉತ್ತರ: ಉಬ್ಬುವುದು ನೆಲದಿಂದ, ಬಿಟ್ಟುಕೊಳ್ಳುವುದು ಲೋಹದಿಂದ. ನುಣುಪು ಮಣ್ಣು ನೀರು ಹಿಡಿದಿಟ್ಟುಕೊಂಡು ಪದರ ಪದರವಾಗಿ ಹೆಪ್ಪುಗಟ್ಟುತ್ತದೆ, ಮೇಲಿರುವುದನ್ನೆಲ್ಲ ಎತ್ತುತ್ತದೆ. ಹಳಿಯ ಕೆಳಗೆ ನೀರು ಇಳಿದುಹೋಗುವಂತೆ ಒಡೆದ ಜಲ್ಲಿಯ ದಪ್ಪ ಹಾಸು ಹಾಕಿ. ಒಡೆದ ಕಲ್ಲಿನ ಮೂಲೆಗಳು ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ, ಗುಂಡುಗಲ್ಲು ಉರುಳುತ್ತದೆ. ಹಾಸಿನಿಂದ ನೀರು ಹೊರಹೋಗಲು ತಗ್ಗಿನ ಕಡೆ ಒಂದು ಸಣ್ಣ ಕಾಲುವೆಯೂ ಬೇಕು. ಇನ್ನು ಹಿತ್ತಾಳೆ: ಬೇಸಿಗೆಯ ಹಗಲಿಗೂ ಚಳಿಗಾಲದ ರಾತ್ರಿಗೂ 40 ಡಿಗ್ರಿ ವ್ಯತ್ಯಾಸವಿದ್ದರೆ 10 ಮೀಟರ್ ಹಳಿ ಹೆಚ್ಚುಕಡಿಮೆ ಏಳೂವರೆ ಮಿಲಿಮೀಟರ್ ಕುಗ್ಗುತ್ತದೆ. ಆ ಎಳೆತವೆಲ್ಲ ಒಂದೇ ಜಾಗಕ್ಕೆ ಬೀಳದಂತೆ ಜೋಡಣೆಗಳಲ್ಲಿ ಅಲ್ಲಲ್ಲಿ ಸ್ವಲ್ಪ ಸಂದು ಬಿಟ್ಟು, ವಿದ್ಯುತ್ತಿಗಾಗಿ ಎರಡೂ ತುದಿಗಳನ್ನು ಬಳುಕುವ ತಂತಿಯಿಂದ ಸೇರಿಸಿ. ಹಳಿಯನ್ನು ನೆಲಕ್ಕೆ ತಿರುಪು ಹಾಕಿ ಬಿಗಿಯಬೇಡಿ, ಅದು ಜಲ್ಲಿಯ ಮೇಲೆ ತೇಲಿಕೊಂಡಿರಲಿ. ಉಬ್ಬಿದ ಜಾಗವನ್ನು ಕಂಡ ಕೂಡಲೇ ಒತ್ತಿ ಕೂರಿಸಲು ಹೋಗದೆ, ನೆಲ ಆಳದವರೆಗೆ ಕರಗಿ ಒಣಗಿದ ಮೇಲೆ ಮಟ್ಟಗೋಲು ಇಟ್ಟು ನೋಡಿ, ಇಳಿದಿರುವ ಕಡೆ ಸ್ಲೀಪರಿನಡಿಗೆ ಜಲ್ಲಿ ತುಂಬಿ.