ದೂರ 400 ಕಿ.ಮೀ. ಮಾತ್ರ, ಆದರೂ ವಿಮಾನದ ಟಿಕೆಟ್‌ನಲ್ಲಿ 1 ಗಂಟೆ 15 ನಿಮಿಷ ಎಂದು ಏಕೆ ಇರುತ್ತದೆ?

ದೂರವನ್ನು ವಿಮಾನದ ವೇಗದಿಂದ ಭಾಗಿಸಿ ಇಷ್ಟು ಹೊತ್ತು ಬೇಕಿಲ್ಲ ಎಂದುಕೊಂಡರೆ ನಿಮ್ಮ ಲೆಕ್ಕ ತಪ್ಪಲ್ಲ, ಟಿಕೆಟ್‌ನ ಲೆಕ್ಕವೇ ಬೇರೆ. ಆ 400 ಕಿ.ಮೀ. ಎಂಬುದು ದುಂಡಗಿನ ಭೂಮಿಯ ಮೇಲೆ ಎರಡು ನಿಲ್ದಾಣಗಳ ನಡುವೆ ಎಳೆಯಬಹುದಾದ ಅತಿ ಚಿಕ್ಕ ಗೆರೆಯ ಉದ್ದ. ವಿಮಾನ ನಿಗದಿತ ಮಾರ್ಗ ಹಿಡಿದು, ರನ್‌ವೇ ಯಾವ ದಿಕ್ಕಿಗಿದೆಯೋ ಅದಕ್ಕೆ ತಕ್ಕಂತೆ ಸುತ್ತಿ ಇಳಿಯುವುದರಿಂದ ಹಾರುವ ದೂರ ಸ್ವಲ್ಪ ಹೆಚ್ಚೇ ಆಗುತ್ತದೆ.

ಸಮಯ ತಿನ್ನುವುದು ಮುಖ್ಯವಾಗಿ ಆರಂಭ ಮತ್ತು ಕೊನೆ. ಟಿಕೆಟ್‌ನ ಗಡಿಯಾರ ಓಡತೊಡಗುವುದು ಟೇಕಾಫ್ ಆದಾಗಲ್ಲ, ವಿಮಾನ ನಿಂತ ಜಾಗದಿಂದ ಕದಲಿದಾಗ. ರನ್‌ವೇ ತುದಿಯವರೆಗೆ ನಿಧಾನವಾಗಿ ಉರುಳುವುದು, ಸಾಲಿನಲ್ಲಿ ಮುಂದಿರುವ ವಿಮಾನ ಏರುವವರೆಗೆ ಕಾಯುವುದು, ಇಳಿದ ಮೇಲೆ ಮತ್ತೆ ಉರುಳಿ ನಿಲ್ಲುವುದು, ಎಲ್ಲವೂ ಅದರಲ್ಲಿ ಸೇರಿವೆ.

ಎಟಿಆರ್ 72ರಂಥ ಪ್ರೊಪೆಲ್ಲರ್ ವಿಮಾನದ ವೇಗ ಗಂಟೆಗೆ ಸುಮಾರು 500 ಕಿ.ಮೀ. ಬರೀ ಭಾಗಾಕಾರ ಮಾಡಿದರೆ 48 ನಿಮಿಷ. ಏರುವಾಗಲೂ ಇಳಿಯುವಾಗಲೂ ಆ ವೇಗ ಸಿಗುವುದಿಲ್ಲ. ನೆಲದ ಮೇಲಿನ ಹೊತ್ತನ್ನೂ ಕೂಡಿಸಿದರೆ 70–75 ನಿಮಿಷ ಸಹಜ. ಗಂಟೆಗೆ 60 ಕಿ.ಮೀ. ಎದುರುಗಾಳಿ ಇದ್ದರೆ 48 ನಿಮಿಷ 55ಕ್ಕೆ ಏರುತ್ತದೆ, ಅದೇ ಗಾಳಿ ಹಿಂದಿನಿಂದ ತಳ್ಳಿದರೆ 43ಕ್ಕೆ ಇಳಿಯುತ್ತದೆ. ಹೋಗುವ, ಬರುವ ಸಮಯಗಳು ಬೇರೆಯಾಗಲು ಇದೂ ಒಂದು ಕಾರಣ.

ಗಂಟೆಗೆ 800 ಕಿ.ಮೀ. ಹಾರುವ ಜೆಟ್ ಸಿಕ್ಕರೂ ಇಷ್ಟು ಚಿಕ್ಕ ದೂರದಲ್ಲಿ ಅರ್ಧ ಸಮಯ ಉಳಿಯುವುದಿಲ್ಲ. ಅದು ಪೂರ್ಣ ಎತ್ತರಕ್ಕೆ ಏರಿದ ಸ್ವಲ್ಪ ಹೊತ್ತಿಗೇ ಇಳಿಯಲು ಆರಂಭಿಸಬೇಕಾಗುತ್ತದೆ.