ದಸರಾ ರಜೆ, ಚಿಕ್ಕಮಗಳೂರು, ಹಸ್ತ ಮಳೆ: ನಿಮ್ಮ ಪ್ರಶ್ನೆ ನಮ್ಮ ಉತ್ತರ

ಗಣಪತಿ ಬಿಟ್ಟಾಯ್ತು, ಮಹಾಲಯ ಅಮಾವಾಸ್ಯೆ ಹತ್ರ ಬಂತು, ಹಾಗಾಗಿ ಈ ಸಲ ಬಂದಿರೋ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಚಿಕ್ಕಮಗಳೂರಿನ ಗಿರಿ ಬಗ್ಗೆನೇ. ಬೇರೆ ವಿಷಯ ಕೇಳಿದವರು ದಯವಿಟ್ಟು ಮುಂದಿನ ಸಂಚಿಕೆವರೆಗೆ ಕಾಯಿರಿ.

ಪ್ರಶ್ನೆ: ಮೇಡಂ, ದಸರಾ ರಜೇಲಿ ನಾವಿಬ್ರು, ಇಬ್ರು ಮಕ್ಳು, ಅತ್ತೆ ಮಾವ ಎಲ್ಲ ಸೇರಿ ಎರಡು ದಿನಕ್ಕೆ ಹೋಗೋಣ ಅಂತಿದೀವಿ. ಮುಳ್ಳಯ್ಯನಗಿರಿ, ಸೀತಾಳಯ್ಯನಗಿರಿ, ಬಾಬಾಬುಡನ್‌ಗಿರಿ, ಮಾಣಿಕ್ಯಧಾರಾ, ಝರಿ ಫಾಲ್ಸ್, ಕೆಮ್ಮಣ್ಣುಗುಂಡಿ, ಹೆಬ್ಬೆ ಫಾಲ್ಸ್, ಆಮೇಲೆ ಶೃಂಗೇರಿ, ಹೊರನಾಡು ಇಷ್ಟೂ ಕವರ್ ಆಗುತ್ತಾ? ಆ ಟೈಮಲ್ಲಿ ಮಳೆ ಮುಗಿದಿರುತ್ತೆ ಅಲ್ವಾ? (ಓದುಗರು, ದಾವಣಗೆರೆ)

ಉತ್ತರ: ಆಗಲ್ಲ. ಮಳೆನೂ ಮುಗಿದಿರಲ್ಲ. ಸಿಟ್ಟು ಮಾಡ್ಕೋಬೇಡಿ, ಮೊದಲು ಮಳೆ ಲೆಕ್ಕ ಹೇಳ್ತೀನಿ. ಸೆಪ್ಟೆಂಬರ್ 13ರ ಹೊತ್ತಿಗೆ ಉತ್ತರೆ ಮಳೆ ಶುರು, 27ರ ಸುಮಾರಿಗೆ ಹಸ್ತ, ಅಕ್ಟೋಬರ್ ಎರಡನೇ ವಾರದಿಂದ ಚಿತ್ತೆ. ದಸರಾ ಬೇಗ ಬಂದ್ರೆ ಹಸ್ತದಲ್ಲಿ ಸಿಗ್ತೀರ, ತಡ ಆದ್ರೆ ಚಿತ್ತೆಯಲ್ಲಿ, ಅಷ್ಟೇ ವ್ಯತ್ಯಾಸ. ಜುಲೈ ಆಗಸ್ಟಲ್ಲಿ ಸಮುದ್ರದ ಕಡೆಯಿಂದ ಬರೋ ಮೋಡ ಘಟ್ಟಕ್ಕೆ ಗುದ್ದಿ ಹಗಲು ರಾತ್ರಿ ಅನ್ನದೆ ಸುರೀತಾನೇ ಇರುತ್ತಲ್ಲ, ಆ ಥರದ್ದಲ್ಲ ಇದು. ಈಗ ಆ ಗಾಳಿ ಸುಸ್ತಾಗಿರುತ್ತೆ, ಬೆಳಿಗ್ಗೆ ಬಿಸಿಲು ಬೀಳುತ್ತೆ, ಒದ್ದೆ ನೆಲ ಕಾಯುತ್ತೆ, ಮಧ್ಯಾಹ್ನ ಎರಡು ಮೂರು ಗಂಟೆ ಹೊತ್ತಿಗೆ ಮೋಡ ಕಟ್ಟಿ ಗುಡುಗು ಸಿಡಿಲಿನ ಜೊತೆ ಧೋ ಅಂತ ಹೊಯ್ದು ಸಂಜೆ ಮತ್ತೆ ಹೊಳವಾಗೋದೂ ಉಂಟು. ಚಿತ್ತೆ ಮಳೆ ವಿಚಿತ್ರ ಮಳೆ ಅಂತ ಹಳೇ ಮಂದಿ ಸುಮ್ನೆ ಹೇಳಿಲ್ಲ, ಒಂದು ತೋಟದಲ್ಲಿ ಹೊಯ್ದ್ರೆ ಪಕ್ಕದ ತೋಟದಲ್ಲಿ ಧೂಳು.

ಅಂದ್ರೆ ಏನಾಯ್ತು, ನಿಮ್ಮ ಕೈಗೆ ಸಿಗೋದು ಬೆಳಗಿನ ಹೊತ್ತು ಮಾತ್ರ. ಎರಡು ದಿನಕ್ಕೆ ಎರಡು ಬೆಳಗು. ಒಂದನ್ನ ಮುಳ್ಳಯ್ಯನಗಿರಿ, ಸೀತಾಳಯ್ಯನಗಿರಿಗೆ ಕೊಡಿ, ಇನ್ನೊಂದನ್ನ ಬಾಬಾಬುಡನ್‌ಗಿರಿ ಕಡೆಗೆ. ಮಧ್ಯಾಹ್ನ ರೂಮಿಗೆ ವಾಪಸ್ ಬಂದು ಉಂಡು ಮಲ್ಕೊಳ್ಳಿ, ಅತ್ತೆ ಮಾವನ ಪುಣ್ಯನೂ ಬರುತ್ತೆ. ಝರಿಗೂ ಹೆಬ್ಬೆಗೂ ಜೀಪ್ ಹತ್ತಿ ಆ ಕಲ್ಲು ದಾರೀಲಿ ಕುಲುಕಾಡ್ಕೊಂಡು ಹೋಗ್ಬೇಕು, ಎರಡೂ ಬೇಡ, ಝರಿ ಒಂದು ಸಾಕು. ಶೃಂಗೇರಿ ಸುಮಾರು 90 ಕಿಲೋಮೀಟರ್, ಹೊರನಾಡು ಹತ್ರ ಹತ್ರ 100, ಎರಡೂ ತಿರುವು ದಾರಿ, ಮಕ್ಕಳು ವಾಂತಿ ಮಾಡ್ಕೊಳ್ಳೋದು ಗ್ಯಾರಂಟಿ. ಅದು ಬೇರೆ ಟ್ರಿಪ್ಪು, ಅದನ್ನ ಇದಕ್ಕೆ ಗಂಟು ಹಾಕ್ಬೇಡಿ. ಲಿಸ್ಟಿಗೆ ಟಿಕ್ ಹಾಕೋಕೆ ಹೋದವರು ಒಂಬತ್ತು ಜಾಗದ ಪಾರ್ಕಿಂಗ್ ನೋಡ್ಕೊಂಡು ಬರ್ತಾರೆ ಅಷ್ಟೇ.

ಇನ್ನೊಂದು ಮುಖ್ಯ ವಿಷಯ. 2025ರ ಸೆಪ್ಟೆಂಬರ್ 1ರಿಂದ ಗಿರಿ ಭಾಗಕ್ಕೆ ಗಾಡಿ ತಗೊಂಡು ಹೋಗೋಕೆ ಆನ್‌ಲೈನ್ ಬುಕಿಂಗ್ ಬಂದಿದೆ. ಬೆಳಿಗ್ಗೆ 6ರಿಂದ 12 ಒಂದು ಪಾಳಿ, ಮಧ್ಯಾಹ್ನ 1ರಿಂದ 6 ಇನ್ನೊಂದು, ಪಾಳಿಗೆ 600 ಗಾಡಿ ಅಂತ ಮಿತಿ ಹಾಕಿ ಶುರು ಮಾಡಿದ್ದು. ರಜಾ ದಿನ ಕೈಮರ ಚೆಕ್‌ಪೋಸ್ಟ್ ಹತ್ರ ಹೋಗಿ ನೋಡೋಣ ಅಂದ್ಕೊಂಡ್ರೆ ಅಲ್ಲೇ ತಿರುಗಿಸಿ ಕಳಿಸ್ತಾರೆ. ಹೊರಡೋ ಮುಂಚೆ ಜಿಲ್ಲಾಡಳಿತದ ವೆಬ್‌ಸೈಟಲ್ಲಿ ಈಗಿನ ರೂಲ್ಸ್ ಏನು ಅಂತ ನೋಡಿ, ಸಿಕ್ಕರೆ ಬೆಳಗಿನ ಪಾಳಿನೇ ತಗೊಳ್ಳಿ, ಯಾಕೆ ಅಂತ ಮೇಲೆ ಹೇಳಿದೀನಲ್ಲ. ಈ ಮಿತಿ ಹಾಕಿದ್ದಕ್ಕೆ ತುಂಬಾ ಜನ ಬೈಕೊಂಡ್ರು. ನನ್ನ ಕೇಳಿದ್ರೆ ಇನ್ನೂ ಬೇಗ ಹಾಕ್ಬೇಕಿತ್ತು, ವೀಕೆಂಡಲ್ಲಿ ಆ ಸಣ್ಣ ರೋಡಲ್ಲಿ ಎದುರುಬದುರು ಸಿಕ್ಕಾಕೊಂಡವರಿಗೆ ಗೊತ್ತು.

ಪ್ರಶ್ನೆ: ನಮ್ಮ ಮಂದಿ ಭಾಳ ಹೆದರಿಸ್ಯಾರ್ರೀ, ಮಲೆನಾಡಾಗ ಕಾಲಿಟ್ರ ಜಿಗಣಿ ಹತ್ತತಾವ ಅಂತ. ಖರೇನಾ? ಮಕ್ಕಳನ್ನ ಕರ್ಕೊಂಡು ಹೋಗಬೇಕೋ ಬ್ಯಾಡೋ? (ಓದುಗರು, ಹುಬ್ಬಳ್ಳಿ)

ಉತ್ತರ: ಖರೇ ರೀ. ಆದ್ರ ಹೆದರೂವಂಥಾದ್ದೇನಿಲ್ಲ. ನಮ್ಮ ಕಡೆ ಇಂಬಳ ಅಂತೀವಿ. ಡಾಂಬರ್ ರೋಡಲ್ಲಿ, ಬಿಸಿಲು ಬೀಳೋ ಬೋಳು ಗುಡ್ಡದಲ್ಲಿ ಅಷ್ಟಾಗಿ ಇರಲ್ಲ. ಗುಡ್ಡದ ಸಂದಿಯ ದಟ್ಟ ಶೋಲಾ ಕಾಡಿನೊಳಗೆ, ಫಾಲ್ಸ್‌ಗೆ ಇಳಿಯೋ ದಾರಿ ಪಕ್ಕದ ತರಗೆಲೆಯಲ್ಲಿ, ಏಲಕ್ಕಿ ಹಿಂಡಿಲಿನ ಬುಡದಲ್ಲಿ ಇರುತ್ತೆ. ನಿಂತ್ಕೊಂಡು ನೋಡಿ, ದಾರದ ತುಂಡಿನ ಹಾಗೆ ಸಣ್ಣಗೆ ಎದ್ದು ನಿಂತು ತಲೆ ಆಡಿಸ್ತಾ ಇರುತ್ತೆ, ನಿಮ್ಮ ಉಸಿರಿನ ವಾಸನೆ, ಮೈ ಬಿಸಿ ಸಿಕ್ಕ ತಕ್ಷಣ ಬಗ್ಗಿ ಎದ್ದು ಬಗ್ಗಿ ಎದ್ದು ನಿಮ್ಮ ಕಡೆಗೇ ಬರುತ್ತೆ. ಮಕ್ಕಳಿಗೆ ಇದನ್ನ ತೋರಿಸಿದ್ರೆ ಭಯ ಹೋಗಿ ಕುತೂಹಲ ಬರುತ್ತೆ.

ಉದ್ದ ಸಾಕ್ಸ್ ಹಾಕಿ ಪ್ಯಾಂಟಿನ ತುದಿ ಅದರೊಳಗೆ ಸೇರಿಸಿ, ಒಂದು ಬಟ್ಟೇಲಿ ಉಪ್ಪು ಕಟ್ಟಿ ನೀರಲ್ಲಿ ಅದ್ದಿ ಶೂ ಮೇಲೆ ಒರೆಸ್ಕೊಳ್ಳಿ. ತೋಟದ ಕೆಲಸದವರು ನಶ್ಯ, ಸುಣ್ಣ ಎಲ್ಲ ಹಚ್ತಾರೆ, ನಿಮಗೆ ಉಪ್ಪೇ ಸಾಕು. ಕಚ್ಚಿದ್ರೆ ಹಿಡಿದು ಎಳೀಬೇಡಿ, ಉಗುರಲ್ಲಿ ಬಾಯಿ ಇರೋ ಸಣ್ಣ ತುದಿ ಕೆಳಗೆ ಸರಿಸಿ ಬಿಡಿಸಿ, ಸೋಪು ಹಾಕಿ ತೊಳೀರಿ, ಹತ್ತಿ ಇಟ್ಟು ಒತ್ತಿ ಹಿಡೀರಿ. ರಕ್ತ ಹೆಪ್ಪುಗಟ್ಟದ ಹಾಗೆ ಅದು ಏನೋ ಬಿಟ್ಟಿರುತ್ತೆ, ಹಾಗಾಗಿ ಸ್ವಲ್ಪ ಹೊತ್ತು ಸೋರುತ್ತೆ, ಬಿಳಿ ಸಾಕ್ಸ್ ನೋಡಿ ಯಾರಾದ್ರೂ ಕಿರುಚಿದ್ರೆ ನೀವು ಕಿರುಚಬೇಡಿ. ಆಮೇಲೆ ಒಂದೆರಡು ದಿನ ನವೆ ಇರುತ್ತೆ, ಕೆರ್ಕೊಳ್ದೇ ಇದ್ರೆ ಆಯ್ತು. ರಕ್ತ ತೆಳು ಮಾಡೋ ಮಾತ್ರೆ ತಗೊಳ್ಳೋ ಹಿರಿಯರಿದ್ರೆ ಅವರನ್ನ ಮಾತ್ರ ಕಾಡಿನ ದಾರಿಗೆ ಇಳಿಸ್ಬೇಡಿ. ರೂಮಿಗೆ ಬಂದ ಮೇಲೆ ಬೆರಳ ಸಂದಿ ನೋಡೋದು ಮರೀಬೇಡಿ, ಅಲ್ಲೇ ಕೂತಿರ್ತಾವ.

ಪ್ರಶ್ನೆ: ಗುಡ್ಡ ಪೂರ್ತಿ ನೇರಳೆ ಬಣ್ಣದ ಹೂವು ಇರೋ ರೀಲ್ಸ್ ಓಡ್ತಾ ಇದೆ, ಮುಳ್ಳಯ್ಯನಗಿರಿ ಅಂತ ಹಾಕಿದ್ದಾರೆ. ಈ ವೀಕೆಂಡ್ ಹೋದ್ರೆ ಸಿಗುತ್ತಾ? (ಓದುಗರು, ಬೆಂಗಳೂರು)

ಉತ್ತರ: ಅದು ನೀಲಕುರಿಂಜಿ. ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿ ಎಲ್ಲ ಸೇರಿರೋ ಚಂದ್ರದ್ರೋಣ ಪರ್ವತದಲ್ಲಿ 2022ರ ಸೆಪ್ಟೆಂಬರ್ ಅಕ್ಟೋಬರಲ್ಲಿ ಜೋರಾಗಿ ಅರಳಿತ್ತು, ಆ ವಿಡಿಯೋಗಳು ಪ್ರತಿ ವರ್ಷ ಈ ಟೈಮಿಗೆ ಹೊಸ ಹಾಡು ಹಾಕ್ಕೊಂಡು ವಾಪಸ್ ಬರ್ತಾವೆ. ಹನ್ನೆರಡು ವರ್ಷಕ್ಕೊಮ್ಮೆ ಅನ್ನೋದು ಅದರಲ್ಲಿ ಫೇಮಸ್ ಆಗಿರೋ ಜಾತಿಯ ಲೆಕ್ಕ. ಕುರಿಂಜಿಯಲ್ಲಿ ಬೇಕಾದಷ್ಟು ಜಾತಿ ಇವೆ, ಒಂದೊಂದಕ್ಕೆ ಒಂದೊಂದು ವಾಯಿದೆ, ಹಾಗಾಗಿ ಅಲ್ಲೊಂದು ಇಲ್ಲೊಂದು ಪೊದೆ ಯಾವ ವರ್ಷನಾದ್ರೂ ಹೂ ಬಿಟ್ಟಿರಬಹುದು. ಗುಡ್ಡಕ್ಕೆ ಗುಡ್ಡನೇ ನೀಲಿ ಆಗಿರುತ್ತೆ ಅಂತ 245 ಕಿಲೋಮೀಟರ್ ಓಡಿಸ್ಕೊಂಡು ಹೋಗ್ಬೇಡಿ. ಈಗ ಹೋದವರಿಗೆ ಸಿಗೋದು ಬೇರೆ: ಹಸಿರು ಹುಲ್ಲು ತುದಿ ಕೆಂಪಾಗೋ ಹೊತ್ತು, ಒಸರು ಇರೋ ಬಂಡೆ ಮೇಲೆಲ್ಲ ಕರ್ಣಕುಂಡಲ ಜಾತಿಯ ಗುಲಾಬಿ ಬಣ್ಣದ ಪುಟ್ಟ ಹೂ. ರೀಲಲ್ಲಿ ಕಾಣಲ್ಲ, ಕುಕ್ಕರುಗಾಲಲ್ಲಿ ಕೂತು ನೋಡ್ಬೇಕು. ಯಾವ ಹೂವಾದ್ರೂ ಸರಿ, ಕೀಳ್ಬೇಡಿ, ಫೋಟೋಗೆ ಅಂತ ಹುಲ್ಲೊಳಗೆ ನುಗ್ಗಿ ತುಳೀಬೇಡಿ.

ಪ್ರಶ್ನೆ: ಹೊಸ ಕಾರು ತಗೊಂಡಿದೀನಿ, ಘಾಟಲ್ಲಿ ಓಡಿಸಿ ಅಭ್ಯಾಸ ಇಲ್ಲ. ಗಿರಿ ರೋಡ್ ನಾನೇ ಓಡಿಸ್ಲಾ, ಜೀಪ್ ಮಾಡ್ಲಾ? (ಓದುಗರು, ಮೈಸೂರು)

ಉತ್ತರ: ಜೀಪ್ ಮಾಡಿ. ಇದರಲ್ಲಿ ಮರ್ಯಾದೆ ಪ್ರಶ್ನೆ ಏನಿಲ್ಲ. ಆದ್ರೂ ಓಡಿಸ್ತೀನಿ ಅಂದ್ರೆ ಕೇಳಿ: ಹತ್ತೋವಾಗ ಯಾವ ಗೇರೋ ಇಳಿಯೋವಾಗಲೂ ಅದೇ ಗೇರು. ಬ್ರೇಕ್ ಮೇಲೇ ಕಾಲಿಟ್ಕೊಂಡು ಇಳಿದ್ರೆ ಅರ್ಧ ದಾರಿಗೆ ಸುಟ್ಟ ವಾಸನೆ ಬರುತ್ತೆ, ಬಂದ್ರೆ ಅಗಲ ಇರೋ ಕಡೆ ನಿಲ್ಲಿಸಿ ಆರೋಕೆ ಬಿಡಿ. ಎದುರಿಗೆ ಹತ್ತಿ ಬರೋ ಗಾಡಿಗೆ ಮೊದಲು ದಾರಿ ಬಿಡ್ಬೇಕು, ಯಾಕಂದ್ರೆ ಏರಲ್ಲಿ ನಿಂತ್ರೆ ಅವರಿಗೆ ಮತ್ತೆ ಎತ್ತೋದು ಕಷ್ಟ. ಮಂಜಲ್ಲಿ ಹೈ ಬೀಮ್ ಹಾಕಿದ್ರೆ ಆ ಬೆಳಕೆಲ್ಲ ನಿಮ್ಮ ಕಣ್ಣಿಗೇ ವಾಪಸ್ ಹೊಡೆಯುತ್ತೆ, ಲೋ ಬೀಮ್ ಹಾಕಿ, ತಿರುವಲ್ಲಿ ಹಾರ್ನ್ ಮಾಡಿ, ಎಡಕ್ಕೆ ಅಂಟ್ಕೊಂಡು ಹೋಗಿ. ಹಜಾರ್ಡ್ ಲೈಟ್ ಹಾಕ್ಕೊಂಡು ಓಡಿಸೋ ಚಟ ಬಿಡಿ, ನೀವು ನಿಂತಿದೀರೋ ತಿರುಗ್ತಿದೀರೋ ಅಂತ ಹಿಂದಿನವನಿಗೆ ಗೊತ್ತಾಗಲ್ಲ. ಏನೂ ಕಾಣ್ತಿಲ್ಲ ಅಂದ್ರೆ ಸೈಡಿಗೆ ಹಾಕಿ ಕಾಯಿರಿ, ಗಾಳಿ ಬೀಸಿದ್ರೆ ಮಂಜು ಸರಿಯುತ್ತೆ.

ಪ್ರಶ್ನೆ: ನನಗೆ 68, ಮಂಡಿ ನೋವು. ಮಗ ಸೊಸೆ ಕರ್ಕೊಂಡು ಹೋಗ್ತಾರೆ, ಆದ್ರೆ ನಾನು ಕಾರಲ್ಲೇ ಕೂತಿರೋ ಹಾಗಾಗುತ್ತೆ. ನಾನೂ ನೋಡೋಂಥದ್ದು ಏನಾದ್ರೂ ಇದೆಯಾ ಮಗಳೇ? (ಓದುಗರು, ತುಮಕೂರು)

ಉತ್ತರ: ಇದೆ ಅಮ್ಮ, ಬೇಕಾದಷ್ಟಿದೆ. ಮುಳ್ಳಯ್ಯನಗಿರಿ ತುದಿಯ ಗದ್ದುಗೆಗೆ ಮೆಟ್ಟಿಲು ಜಾಸ್ತಿ, ಅದು ಬಿಡಿ. ಮಾಣಿಕ್ಯಧಾರಾಕ್ಕೂ ಮೆಟ್ಟಿಲು ಇಳೀಬೇಕು, ಇಳಿದಿದ್ದನ್ನ ಹತ್ತಬೇಕು, ಅದೂ ಬೇಡ. ಸೀತಾಳಯ್ಯನಗಿರಿ ಹತ್ರ ರೋಡ್ ಪಕ್ಕದಲ್ಲೇ ನಿಂತ್ರೂ ಕಣಿವೆ ಕಾಣುತ್ತೆ, ಮಕ್ಕಳು ಮೇಲೆ ಹೋಗಿ ಬರೋವರೆಗೆ ಅಲ್ಲಿ ಬಿಸಿ ಟೀ ಕುಡೀತಾ ಕೂತ್ಕೋಬಹುದು.

ನಾನು ಹೇಳೋ ಜಾಗ ಅಂದ್ರೆ ಸಖರಾಯಪಟ್ಟಣದ ಹತ್ರದ ಅಯ್ಯನಕೆರೆ. ಈ ಕಾಲಕ್ಕೆ ಮಳೆ ಚೆನ್ನಾಗಿ ಆಗಿದ್ರೆ ಕೆರೆ ತುಂಬಿರುತ್ತೆ, ಹಿಂದೆ ಶಕುನಗಿರಿ, ಏರಿ ಹತ್ರದವರೆಗೆ ಕಾರು ಹೋಗುತ್ತೆ. ಗಿರಿಯಲ್ಲಿ ಮಂಜು ಮಳೆ ಅಂತ ಎಲ್ಲರೂ ಮುಖ ಸಪ್ಪಗೆ ಮಾಡ್ಕೊಂಡಿರೋ ದಿನ ಇಲ್ಲಿ ಬಿಸಿಲು ಇರಬಹುದು, ಯಾಕಂದ್ರೆ ಮೋಡ ಬಾಬಾಬುಡನ್ ಸಾಲು ದಾಟಿ ಈ ಕಡೆ ಬರೋ ಹೊತ್ತಿಗೆ ಅರ್ಧ ಖಾಲಿ ಆಗಿರುತ್ತೆ, ಕಡೂರು ಕಡೆ ಬಯಲುಸೀಮೆ ಆಗಿರೋದೂ ಇದಕ್ಕೇನೆ. ಹಾಗೇ ಬೇಲೂರು, ಹಳೇಬೀಡು. 2023ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಮೇಲೆ ಜನ ಇನ್ನೂ ಜಾಸ್ತಿ, ಸಾಲು ರಜೆಯಲ್ಲಂತೂ ನೂಕುನುಗ್ಗಲು. ಗಲಾಟೆ ಬೇಡ ಅಂದ್ರೆ ಬೆಳವಾಡಿ ವೀರನಾರಾಯಣ ದೇವಸ್ಥಾನಕ್ಕೆ ಹೋಗಿ, ಕಡೆದ ಕಂಬಗಳು ಕನ್ನಡಿ ಥರ ಹೊಳೀತವೆ, ಒಳಗೆ ತಂಪಾಗಿ ಕೂರೋಕೆ ಜಾಗ ಇದೆ, ಯಾರೂ ಎಬ್ಬಿಸಲ್ಲ. ಒದ್ದೆ ಕಲ್ಲು ಜಾರುತ್ತೆ, ಸೊಸೆ ಕೈ ಹಿಡ್ಕೊಳ್ಳಿ.

ಪ್ರಶ್ನೆ: ಹೋಂಸ್ಟೇ ಒಂದಕ್ಕೆ ಪೂರ್ತಿ ಅಡ್ವಾನ್ಸ್ ಕೊಟ್ಟಿದ್ವಿ, ಹೊರಡೋ ಹಿಂದಿನ ದಿನ ರೆಡ್ ಅಲರ್ಟ್ ಬಂತು, ದುಡ್ಡು ವಾಪಸ್ ಕೊಡಲ್ಲ ಅಂದ್ರು. ಇದು ಸರೀನಾ? (ಓದುಗರು, ಕಲಬುರಗಿ)

ಉತ್ತರ: ಸರಿ ಅಲ್ಲ, ಆದ್ರೆ ಬರವಣಿಗೇಲಿ ಏನೂ ಇಲ್ದೇ ಇದ್ರೆ ವಾದ ಮಾಡೋದು ಕಷ್ಟ. ದುಡ್ಡು ಹಾಕೋಕೆ ಮುಂಚೆನೇ ವಾಟ್ಸಾಪಲ್ಲಿ ಒಂದು ಸಾಲು ಕೇಳಿ ಇಟ್ಕೊಳ್ಳಿ, ಮಳೆ ಅಂತ ಕ್ಯಾನ್ಸಲ್ ಆದ್ರೆ ದುಡ್ಡು ವಾಪಸ್ಸೋ, ಬೇರೆ ಡೇಟೋ ಅಂತ. ಈಗಿನ ಮಟ್ಟಿಗೆ ಬೇರೆ ಡೇಟ್ ಕೇಳಿ ನೋಡಿ, ಅದಕ್ಕೆ ಒಪ್ಪೋದು ಹೆಚ್ಚು. ಅದಕ್ಕೂ ಜಗ್ಗಲಿಲ್ಲ ಅಂದ್ರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ.

ಪ್ರಶ್ನೆ: ಲಕ್ಕವಳ್ಳಿಗೆ ಹೋದ್ರೆ ಭದ್ರಾ ನೀರಲ್ಲಿ ರಿವರ್ ಟರ್ನ್ ಹಕ್ಕಿ ಗುಂಪು ಸಿಗುತ್ತಾ? (ಓದುಗರು, ಶಿವಮೊಗ್ಗ)

ಉತ್ತರ: ಈಗಲ್ಲ. ಡ್ಯಾಂ ತುಂಬಿರೋವಾಗ ಅವು ಗೂಡು ಮಾಡೋ ನಡುಗಡ್ಡೆಗಳೇ ಮುಳುಗಿರ್ತವೆ. ಬೇಸಿಗೆ ಹತ್ರ ನೀರು ಇಳಿದ ಮೇಲೆ ಹೋಗಿ.

ಪ್ರಶ್ನೆ: ಸ್ವೆಟರ್ ಬೇಕಾಗುತ್ತಾ? ಹಾಗೇ ತೋಟದಲ್ಲಿ ಕೆಂಪು ಕಾಫಿ ಹಣ್ಣು ಕೀಳ್ತಾ ಫೋಟೋ ತೆಗೆಸ್ಕೋಬೇಕು ಅಂತ ನನ್ನ ಹೆಂಡತಿ ಆಸೆ. (ಓದುಗರು, ಬಳ್ಳಾರಿ)

ಉತ್ತರ: ಚಿಕ್ಕಮಗಳೂರು ಪೇಟೆ ಇರೋದೇ ಸುಮಾರು 1090 ಮೀಟರ್ ಎತ್ತರದಲ್ಲಿ, ಮುಳ್ಳಯ್ಯನಗಿರಿ ತುದಿ 1930. ಪೇಟೆಗಿಂತ ಮೇಲೆ ಐದು ಡಿಗ್ರಿ ಕಮ್ಮಿ ಅಂತ ಲೆಕ್ಕ ಇಟ್ಕೊಳ್ಳಿ, ಜೊತೆಗೆ ಗಾಳಿ. ಬಳ್ಳಾರಿಯವರಿಗೆ ಸ್ವೆಟರ್ ಸಾಲದು, ಮೇಲೆ ಗಾಳಿ ತಡೆಯೋ ಒಂದು ಜರ್ಕಿನ್ ಇರಲಿ. ಛತ್ರಿ ಬೇಡ, ಗಿರಿ ಮೇಲೆ ಬಿಚ್ಚಿದ ತಕ್ಷಣ ಉಲ್ಟಾ ಆಗುತ್ತೆ.

ಹಣ್ಣಿನ ವಿಷಯಕ್ಕೆ ಬಂದ್ರೆ, ಸೆಪ್ಟೆಂಬರಲ್ಲಿ ಕಾಫಿ ಕಾಯಿ ಹಸಿರಾಗೇ ಇರುತ್ತೆ. ಅರೇಬಿಕಾ ಕುಯ್ಲು ನವೆಂಬರಿಂದ, ರೋಬಸ್ಟಾ ಜನವರಿ ಆದ ಮೇಲೆ. ಹಾಗಾಗಿ ಫೋಟೋ ಡಿಸೆಂಬರಿಗೆ ಇಟ್ಕೊಳ್ಳಿ. ಅದಕ್ಕಿಂತ ಮುಖ್ಯ ಏನಂದ್ರೆ, ಗೇಟ್ ತೆರೆದಿದೆ ಅಂತ ಯಾರ ತೋಟಕ್ಕೂ ಕೇಳ್ದೇ ನುಗ್ಗಬೇಡಿ. ಆಲ್ದೂರು, ಮೂಡಿಗೆರೆ ಸುತ್ತಮುತ್ತ ತೋಟದೊಳಗೇ ಆನೆ ನಿಂತಿರುತ್ತೆ, ಕಾಫಿ ಗಿಡದ ಮರೆಯಲ್ಲಿ ಹತ್ತಡಿ ದೂರ ಇದ್ರೂ ಗೊತ್ತಾಗಲ್ಲ. ಬೆಳಿಗ್ಗೆ ವಾಕಿಂಗ್ ಹೋಗ್ಬೇಕು ಅನ್ನಿಸಿದ್ರೆ ಉಳ್ಕೊಂಡಿರೋ ಮನೆಯವರನ್ನ ಮೊದಲು ಕೇಳಿ, ನಿನ್ನೆ ರಾತ್ರಿ ಯಾವ ಕಡೆ ಆನೆ ಇತ್ತು ಅಂತ ಅವರಿಗೆ ಗೊತ್ತಿರುತ್ತೆ. ಬೇಡ ಅಂದ್ರೆ ಜಗಲಿ ಮೇಲೆ ಕೂತು ಇನ್ನೊಂದು ಲೋಟ ಕಾಫಿ ಕೇಳಿ, ಕೊಡ್ತಾರೆ.